ಪಡಿಯಚ್ಚಿಗೆ ಬಣ್ಣ ಬಳಿದರೆ ಪಾತ್ರವಾಗುವುದಿಲ್ಲ

ಚಿತ್ರಕಥೆಗಳನ್ನು ಓದಿ ಅಭಿಪ್ರಾಯ ಹೇಳುವ ಕೆಲಸದಲ್ಲಿ ನಾನು ಪದೇ ಪದೇ ಕೇಳುವ ಮಾತೊಂದಿದೆ: "ಖಳನಾಯಕನಿಗೂ ಒಂದು ಫ್ಲ್ಯಾಶ್‌ಬ್ಯಾಕ್ ಇದೆ, ಹಾಗಾಗಿ ಅವನದು ಸಂಕೀರ್ಣ ಪಾತ್ರ." ಬಾಲ್ಯದ ಅವಮಾನವೊಂದನ್ನು ತೋರಿಸಿದ ಮಾತ್ರಕ್ಕೆ ಪಾತ್ರಕ್ಕೆ ಆಳ ಬರುವುದಿಲ್ಲ, 'ಕೇಡಿಗ' ಎಂಬ ಚೀಟಿಯ ಪಕ್ಕದಲ್ಲಿ 'ನೊಂದವ' ಎಂಬ ಇನ್ನೊಂದು ಚೀಟಿ ಅಂಟಿಕೊಳ್ಳುತ್ತದೆ, ಅಷ್ಟೆ.

ಇಂಥ ಚೀಟಿಯಷ್ಟೇ ಆಗಿ ಉಳಿಯುವ ಪಾತ್ರವನ್ನು ಪಡಿಯಚ್ಚು, ಇಂಗ್ಲಿಷಿನಲ್ಲಿ ಸ್ಟೀರಿಯೋಟೈಪ್ ಎನ್ನುತ್ತೇವೆ. ಆ ಪದ ಬಂದದ್ದು ಮುದ್ರಣಾಲಯದಿಂದ. ಅಕ್ಷರದ ಅಚ್ಚುಮೊಳೆಗಳನ್ನು ಜೋಡಿಸಿದ ಪುಟದ ಅಚ್ಚು ತೆಗೆದು, ಅದಕ್ಕೆ ಲೋಹದ ಎರಕ ಹೊಯ್ದು ಮಾಡುತ್ತಿದ್ದ ಇಡೀ ಫಲಕಕ್ಕೆ ಆ ಹೆಸರಿತ್ತು; ಎರಕವಾದ ಮೇಲೆ ಅದರಿಂದ ಬಿಡಿ ಮೊಳೆಯೊಂದನ್ನು ಕಿತ್ತು ಬದಲಿಸಲು ಬರುತ್ತಿರಲಿಲ್ಲ. 1922ರಲ್ಲಿ ಅಮೆರಿಕದ ಪತ್ರಕರ್ತ ವಾಲ್ಟರ್ ಲಿಪ್‌ಮನ್ ಈ ಪದವನ್ನು ನಮ್ಮ ತಲೆಯೊಳಗಿನ ಸಿದ್ಧ ಚಿತ್ರಗಳಿಗೆ ಅನ್ವಯಿಸಿದರು. ಪಡಿಯಚ್ಚಿನ ಪಾತ್ರವೂ ಹೀಗೆಯೇ, ಎದುರಿಗೆ ಏನೇ ನಡೆದರೂ ಅದೇ ಪುಟವನ್ನು ಮತ್ತೆ ಒತ್ತುತ್ತದೆ.

ಕಟ್ಟುನಿಟ್ಟಿನ ಮುಖ್ಯೋಪಾಧ್ಯಾಯರೊಬ್ಬರನ್ನು ಊಹಿಸಿಕೊಳ್ಳಿ. ಅವರಿಗೆ ಮೃದುತ್ವ ತರಲೆಂದು ಲೇಖಕರು ಸಂಜೆ ಪಾರಿವಾಳಗಳಿಗೆ ಕಾಳು ಹಾಕಿಸುತ್ತಾರೆ. ನಿಷ್ಠುರತೆಗೂ ಪಾರಿವಾಳಕ್ಕೂ ಸಂಬಂಧವಿಲ್ಲದ ಕಾರಣ ಅದು ಅಲಂಕಾರವಾಗಿಯೇ ಉಳಿಯುತ್ತದೆ. ಅದರ ಬದಲು, ಅಪ್ಪನ ಸಹಿಯನ್ನು ನಕಲು ಮಾಡಿ ಸಿಕ್ಕಿಬಿದ್ದ ಹುಡುಗನ ಎದುರು ಅವರು ಆ ಕಾಗದವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಇನ್ನೊಮ್ಮೆ ಬರೆದು ತೋರಿಸು" ಎಂದು, ಆಮೇಲೆ ಶಿಕ್ಷೆಯನ್ನೂ ಬರೆದರೆ? ಅಕ್ಷರದ ಶಿಸ್ತಿನ ಮೇಲಿನ ಒಂದೇ ಮೋಹ ಅವರ ಕಾಠಿಣ್ಯಕ್ಕೂ ಮೆಚ್ಚುಗೆಗೂ ಬೇರಾಗಿರುವುದು ಆಗ ಕಾಣುತ್ತದೆ. ನಾನು ಹುಡುಕುವುದು ಈ ಬೇರನ್ನು.

1948ರ ಇಟಲಿಯ 'ಬೈಸಿಕಲ್ ಥೀವ್ಸ್' ಚಿತ್ರದಲ್ಲಿ, ಕಳುವಾದ ತನ್ನ ಸೈಕಲ್ಲನ್ನು ಮಗನೊಂದಿಗೆ ಹುಡುಕುವ ತಂದೆ 'ಬಡವ' ಎಂಬ ಪಡಿಯಚ್ಚಿಗೆ ಸುಲಭವಾಗಿ ಬೀಳಬಹುದಿತ್ತು. ಆದರೆ ಅವನು ಮಗನ ಕೆನ್ನೆಗೆ ಹೊಡೆಯುತ್ತಾನೆ. ಅದಾದ ಸ್ವಲ್ಪ ಹೊತ್ತಿಗೆ ಯಾರೋ ಹುಡುಗ ನದಿಯಲ್ಲಿ ಮುಳುಗುತ್ತಿರುವ ಕೂಗು ಕೇಳಿ, ತನ್ನ ಮಗನೇ ಇರಬಹುದೆಂದು ದಿಗಿಲುಬಿದ್ದು ಓಡುತ್ತಾನೆ. ಕೊನೆಗೆ, ಕಳ್ಳನನ್ನು ಹುಡುಕಿ ಹೊರಟವನೇ ಬೇರೊಬ್ಬರ ಸೈಕಲ್ಲಿಗೆ ಕೈಹಾಕುತ್ತಾನೆ. ಮುಂಚಿತವಾಗಿ ಊಹಿಸಲಾಗದ, ನೋಡಿದ ಮೇಲೆ ಬೇರೆ ದಾರಿಯಿರಲಿಲ್ಲವೆನಿಸುವ ನಡೆಗಳಿವು.

ಹಾಗೆಂದು ಸಿದ್ಧ ಮಾದರಿಯ ಪಾತ್ರಗಳೆಲ್ಲ ತಪ್ಪಲ್ಲ. ಎರಡು ಶಾಟ್‌ಗಳಲ್ಲಿ ಬಂದುಹೋಗುವ ಕಾವಲುಗಾರನಿಗೆ ಅಂತರಂಗ ಬೇಕಿಲ್ಲ, ಪ್ರಹಸನವಂತೂ ಇಂಥ ಮಾದರಿಗಳಿಂದಲೇ ಬದುಕುತ್ತದೆ. ಒಂದು ಸಮುದಾಯದ ಎಲ್ಲರಿಗೂ ಚಿತ್ರದಿಂದ ಚಿತ್ರಕ್ಕೆ ಅದೇ ಕಸುಬು, ಅದೇ ಉಚ್ಚಾರಣೆ, ಅದೇ ಅಂತ್ಯ ಸಿಕ್ಕುವಾಗ ಮಾತ್ರ ಅದು ಅನ್ಯಾಯವಾಗುತ್ತದೆ.

ಬರಹದಲ್ಲಿ ಗೆದ್ದ ಪಾತ್ರ ಎಡಿಟಿಂಗ್ ಕೋಣೆಯಲ್ಲಿ ಸೋಲುವುದೂ ಉಂಟು. ಉತ್ತರ ಕೊಡುವ ಮುನ್ನ ಪಾತ್ರ ತಡವರಿಸುವ ಎರಡು ಮೂರು ಸೆಕೆಂಡುಗಳ ಮೌನಕ್ಕೇ ಮೊದಲು ಕತ್ತರಿ ಬೀಳುತ್ತದೆ, ಏಕೆಂದರೆ ಕಥೆ ಅಲ್ಲಿ ಮುಂದೆ ಹೋದಂತೆ ಕಾಣುವುದಿಲ್ಲ. ಆದ್ದರಿಂದ 'ಸುಮ್ಮನಿರುತ್ತಾರೆ' ಎಂದು ಬರೆಯಬೇಡಿ, 'ಕಾಗದವನ್ನು ಬೆಳಕಿಗೆ ಹಿಡಿಯುತ್ತಾರೆ' ಎಂದು ಬರೆಯಿರಿ ಎನ್ನುತ್ತೇನೆ. ಕೈ ಏನನ್ನಾದರೂ ಮಾಡುತ್ತಿದ್ದರೆ ಸಂಕಲನಕಾರರೂ ಒಂದು ಕ್ಷಣ ಕಾಯುತ್ತಾರೆ.