ಓದುಗರ ಪ್ರಶ್ನೆ: ಕೋಡಗ ಕೋಳಿಯನ್ನು ನುಂಗಿತೋ, ಕೋಳಿಯೇ ಕೋಡಗನನ್ನು ನುಂಗಿತೋ?

ಪ್ರಶ್ನೆ: "ಕೋಡಗನ ಕೋಳಿ ನುಂಗಿತ್ತ ಹಾಡನ್ನು ಚಿಕ್ಕಂದಿನಿಂದ ಕೇಳುತ್ತಿದ್ದೇನೆ. ಕೋತಿ ಕೋಳಿಯನ್ನು ನುಂಗಿದರೆ ಅದರಲ್ಲಿ ಅಂಥ ದೊಡ್ಡ ಅರ್ಥ ಏನಿದೆ?"

ಶಿಶುನಾಳ ಶರೀಫರ ಹಾಡಿನ ಬಗೆಗಿನ ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕ ಇಟ್ಟಿಲ್ಲ. ಕೇಳುವವರು ಬದಲಾಗುತ್ತಾರೆ, ತಪ್ಪು ಮಾತ್ರ ಅದೇ ಇರುತ್ತದೆ. ಅದಕ್ಕೇ ಈ ಸಲ ಅರ್ಥಕ್ಕೆ ಕೈ ಹಾಕುವ ಮೊದಲು ಆ ತಪ್ಪನ್ನು ಬುಡಸಮೇತ ಕಿತ್ತುಬಿಡೋಣ.

ಕೋಡಗ ಎಂದರೆ ಕೋತಿ. ಆ ಕೋತಿ ಕೋಳಿಯನ್ನು ನುಂಗಲಿಲ್ಲ. ಕೋಳಿ ಕೋತಿಯನ್ನು ನುಂಗಿತು.

"ಎರಡೂ ಒಂದೇ ಅಲ್ವಾ, ಹೇಗಿದ್ದರೂ ಒಗಟು ತಾನೇ" ಎಂದು ಹೇಳುವವರಿದ್ದಾರೆ. ಖಂಡಿತ ಒಂದೇ ಅಲ್ಲ. ಹಾಗೆ ಅಂದುಕೊಂಡರೆ ಇಡೀ ಹಾಡು ಕೈತಪ್ಪಿ ಹೋಗುತ್ತದೆ. ಯಾಕೆಂದು ಮುಂದೆ ಹೇಳುತ್ತೇನೆ. ಮೊದಲು ವ್ಯಾಕರಣ. ಬೇಸರ ಮಾಡಿಕೊಳ್ಳಬೇಡಿ, ಶಾಲೆಯಲ್ಲಿ ಕಲಿತ ವಿಭಕ್ತಿ ಪ್ರತ್ಯಯ ಇಲ್ಲಿ ನಿಜವಾಗಿ ಕೆಲಸಕ್ಕೆ ಬರುತ್ತದೆ.

ಇವತ್ತು ನಾವು "ರಾಮನನ್ನು ನೋಡಿದೆ" ಎಂದು ಬರೆಯುತ್ತೇವೆ. ಹಳಗನ್ನಡದಲ್ಲಿ ಅದು "ರಾಮನಂ". ನಡುಗನ್ನಡಕ್ಕೆ ಬರುವಾಗ "ರಾಮನ". ಅಂದರೆ ದ್ವಿತೀಯಾ ವಿಭಕ್ತಿಗೆ ಬರೀ ಒಂದು "ಅ" ಸಾಕಾಗಿತ್ತು. ಬಸವಣ್ಣನವರು "ಹುಸಿಯ ನುಡಿಯಲು ಬೇಡ" ಎಂದರು. ಅದನ್ನು "ಹುಸಿಯನ್ನು" ಎಂದೇ ಎಲ್ಲರೂ ಅರ್ಥ ಮಾಡಿಕೊಳ್ಳುತ್ತೇವೆ. ಆಡುಮಾತಿನಲ್ಲಿ ಈ ರೂಪ ಈಗಲೂ ಇದೆ. "ನನ್ನ ಕರಿ", "ನಿನ್ನ ನೋಡಿದೆ" ಎಂದು ದಿನಾ ಹೇಳುತ್ತೇವಲ್ಲ, ಅದೇ ಇದು.

ಹಾಗಿದ್ದರೂ "ಕೋಡಗನ" ಎಂಬಲ್ಲಿ ಯಾಕೆ ಎಡವುತ್ತೇವೆ? ಅದಕ್ಕೂ ಕಾರಣ ಇದೆ. ಸುಣ್ಣಕ್ಕೆ ದ್ವಿತೀಯಾ ಹಚ್ಚಿದರೆ "ಸುಣ್ಣವ", ಷಷ್ಠಿ ಹಚ್ಚಿದರೆ "ಸುಣ್ಣದ". ಎರಡೂ ಬೇರೆ ಬೇರೆ ಕಾಣುತ್ತವೆ, ಗೊಂದಲ ಇಲ್ಲ. ಆದರೆ ಇಲ್ಲಿ ಕೋತಿಯನ್ನು ಒಬ್ಬ ಮನುಷ್ಯನನ್ನು ಕರೆದ ಹಾಗೆ ಕರೆದಿದೆ. ರಾಮ, ರಾಮನ ಇದ್ದಂತೆ ಕೋಡಗ, ಕೋಡಗನ. ಹೀಗಾದಾಗ "ಕೋಡಗನನ್ನು" ಮತ್ತು "ಕೋಡಗನ ಬಳಿ ಇರುವ" ಎರಡಕ್ಕೂ ಒಂದೇ ರೂಪ. ಕಿವಿ ಸುಲಭದ ದಾರಿ ಹಿಡಿಯುತ್ತದೆ. "ಕೋಡಗನ ಕೋಳಿ" ಅನ್ನುವುದನ್ನು "ಶೆಟ್ಟರ ಅಂಗಡಿ" ಇದ್ದ ಹಾಗೆ ಕೇಳಿಸಿಕೊಂಡುಬಿಡುತ್ತೇವೆ. ಆಮೇಲೆ ಕೋತಿ, ಕೋಳಿ, ನುಂಗು ಎಂಬ ಮೂರು ಮಾತನ್ನು ತಲೆ ತನಗೆ ಬೇಕಾದ ಹಾಗೆ ಜೋಡಿಸಿಕೊಂಡು, ದೊಡ್ಡದು ಚಿಕ್ಕದನ್ನು ನುಂಗಿತು ಎಂದು ತೀರ್ಮಾನಿಸುತ್ತದೆ.

ಹಾಡಿನ ಮುಂದಿನ ಸಾಲುಗಳನ್ನೇ ಸಾಕ್ಷಿಗೆ ಕರೆಯಿರಿ. "ಕುಟ್ಟಲು ಬಂದ ಮುದುಕಿಯ ನೊಣವು ನುಂಗಿತ್ತ." ಇದು ಮುದುಕಿ ಸಾಕಿದ ನೊಣವೇ? ಅಲ್ಲ. ಮುದುಕಿಯನ್ನು ನೊಣ ನುಂಗಿತು. "ಪಾತರದವಳ ಮದ್ದಳೆ ನುಂಗಿತ್ತ." ಕುಣಿಯಲು ಬಂದವಳನ್ನು ಮದ್ದಳೆಯೇ ನುಂಗಿತು. "ಮಗ್ಗವ ಲಾಳಿ ನುಂಗಿ." ಇಲ್ಲಂತೂ "ಮಗ್ಗವ" ಎಂದು ಬಿಡಿಸಿಯೇ ಇಟ್ಟಿದೆ. ಪದಗಳ ಸರದಿ ಪಲ್ಲವಿಯದ್ದೇ. ನುಂಗಿಸಿಕೊಂಡದ್ದು ಮೊದಲು, ನುಂಗಿದ್ದು ಆಮೇಲೆ. ಕೋತಿಯೇ ಕೋಳಿಯನ್ನು ನುಂಗಿದ್ದರೆ "ಕೋಡಗ ಕೋಳಿಯ ನುಂಗಿತ್ತ" ಎಂದಿರಬೇಕಿತ್ತು. ಹಾಗೆ ಯಾವ ಹಾಡುಗಾರರೂ ಹಾಡಿದ್ದನ್ನು ನಾನು ಕೇಳಿಲ್ಲ.

ಈಗ ಇದು ಯಾಕೆ ಮುಖ್ಯ ಎಂಬ ಮಾತು. ಶಿಶುನಾಳ ಶರೀಫರು (1819–1889) ತತ್ವಪದ ಕಟ್ಟಿದವರು. ಕೋಡಗ ಎಂದರೆ ಮನಸ್ಸು, ಕೋಳಿ ಎಂದರೆ ಎಚ್ಚರ ಅಥವಾ ಅರಿವು, ಇದು ಸಾಮಾನ್ಯವಾಗಿ ಎಲ್ಲರೂ ಹೇಳುವ ಅರ್ಥ. ಅದರಲ್ಲಿ ಹುರುಳಿದೆ. ಮನಸ್ಸು ಕೊಂಬೆಯಿಂದ ಕೊಂಬೆಗೆ ಹಾರುತ್ತದೆ. ಕೋಳಿ ನಸುಕಿಗೆ ಕೂಗಿ ಎಬ್ಬಿಸುತ್ತದೆ. ಈಗ ನಿಮ್ಮ ಓದಿನಂತೆ ಕೋಡಗ ಕೋಳಿಯನ್ನು ನುಂಗಿತು ಅನ್ನಿ. ಅಂದರೆ ಚಂಚಲ ಮನಸ್ಸು ಅರಿವನ್ನು ನುಂಗಿತು. ಅದು ನಮ್ಮೆಲ್ಲರಿಗೂ ದಿನಾ ಆಗುವುದೇ ತಾನೇ! ಅದನ್ನು ತೋರಿಸಲು ಯಾರನ್ನೂ "ನೋಡವ್ವ" ಎಂದು ಕರೆಯಬೇಕಿಲ್ಲ. ಶರೀಫರು ಬೆರಗಾಗಿ ಕರೆಯುತ್ತಿರುವುದು ಉಲ್ಟಾ ಆದದ್ದಕ್ಕೆ. ಒಂದು ಪುಟ್ಟ ಎಚ್ಚರ ಅಷ್ಟು ದೊಡ್ಡ ಗಲಾಟೆಯನ್ನು ನುಂಗಿ ಕೂತಿದೆ. ಆಡು ಆನೆಯನ್ನು ನುಂಗುವುದೂ ಇದೇ ಲೆಕ್ಕ. ಆ ಆನೆಯನ್ನು ಮದ ಅನ್ನಿ, ಅಹಂಕಾರ ಅನ್ನಿ, ಚಿಕ್ಕದರ ಹೊಟ್ಟೆಗೆ ದೊಡ್ಡದು ಹೋಯಿತು.

ಇದು ಶರೀಫರು ಸುಮ್ನೆ ಹುಟ್ಟಿಸಿದ ಚಮತ್ಕಾರ ಅಲ್ಲ. 12ನೇ ಶತಮಾನದ ಅಲ್ಲಮಪ್ರಭು ಬೆಡಗಿನ ವಚನಗಳಲ್ಲಿ, ಅಂದರೆ ಒಗಟಿನಂಥ ವಚನಗಳಲ್ಲಿ, ಹೀಗೇ ಮಾತನಾಡಿದರು. ಕನಕದಾಸರ ಮುಂಡಿಗೆಗಳದ್ದೂ ಇದೇ ಕುಲ. ಕನಕರ ಬಾಡ ಮತ್ತು ಶರೀಫರ ಶಿಶುನಾಳ ಎರಡೂ ಇವತ್ತಿನ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನಲ್ಲಿವೆ ಎಂಬುದು ನನಗೆ ಯಾವಾಗಲೂ ಖುಷಿ ಕೊಡುವ ಸಂಗತಿ. ಉತ್ತರ ಭಾರತದಲ್ಲಿ ಕಬೀರರ ಇಂಥ ತಿರುಗುಮುರುಗು ಪದಗಳಿಗೆ ಉಲಟಬಾಂಸಿ ಎನ್ನುತ್ತಾರೆ.

ಆದರೆ "ಕೋಡಗ ಅಂದರೆ ಇದು, ಆಡು ಅಂದರೆ ಇದು, ಒನಕೆ ಅಂದರೆ ಇದು" ಎಂದು ಕೋಷ್ಟಕ ಹಾಕಿ ಕೊಡಿ ಎಂದರೆ ನಾನು ಕೊಡುವುದಿಲ್ಲ. ಹಾಗೆ ಮಾಡಿದವರೆಲ್ಲ ಒಂದು ವಿಷಯ ಬಿಟ್ಟುಬಿಡುತ್ತಾರೆ. ಈ ಹಾಡಿನಲ್ಲಿ ನುಂಗುವುದೆಲ್ಲ ಸುಳ್ಳಲ್ಲ. ಗೋಡೆ ಸುಣ್ಣವನ್ನು ನಿಜವಾಗಿಯೂ ನುಂಗುತ್ತದೆ. ಮಣ್ಣಿನ ಗೋಡೆಗೆ ಸುಣ್ಣ ಬಳಿದವರಿಗೆ ಗೊತ್ತು, ಮೊದಲ ಸಲದ್ದು ಎಲ್ಲಿ ಹೋಯಿತು ಎಂದೇ ತಿಳಿಯುವುದಿಲ್ಲ. ಒಳ್ಳು, ಅಂದರೆ ಒರಳು, ಒನಕೆಯನ್ನು ನುಂಗುತ್ತದೆ. ಬೀಸುಕಲ್ಲು ಗೂಟವನ್ನು ನುಂಗಿ ಗಟ್ಟಿಯಾಗಿ ಹಿಡಿದಿರುತ್ತದೆ. ಗುಡ್ಡ ಗವಿಯನ್ನು ಒಳಗೆ ಇಟ್ಟುಕೊಂಡೇ ಇದೆ. ಇವೆಲ್ಲ ಕಣ್ಣಿಗೆ ಕಾಣುವ ನಿಜ. ಇವುಗಳ ನಡುವೆ ಆಡು ಆನೆಯನ್ನು, ನೊಣ ಮುದುಕಿಯನ್ನು, ಲಾಳಿ ಮಗ್ಗವನ್ನು ನುಂಗುತ್ತವೆ. ಅವು ಆಗದ ಮಾತು. ಆಗುವುದನ್ನೂ ಆಗದ್ದನ್ನೂ ಒಂದೇ ಉಸಿರಿನಲ್ಲಿ, ಒಂದೇ ಕ್ರಿಯಾಪದದಲ್ಲಿ ಹೇಳುತ್ತಾ ಹೋಗುತ್ತಾರೆ. ಕೇಳುತ್ತಾ ಕೇಳುತ್ತಾ ಎರಡರ ನಡುವಿನ ಗೆರೆ ಅಳಿಸಿಹೋಗುತ್ತದೆ. ಆಮೇಲೆ ಕೊನೆಯ ಸಾಲು ಬರುತ್ತದೆ: "ಗೋವಿಂದ ಗುರುವಿನ ಪಾದ ನನ್ನನೆ ನುಂಗಿತ್ತ." ಅಷ್ಟು ಹೊತ್ತಿಗೆ ಇದು ಆಗುವುದೋ ಆಗದ್ದೋ ಎಂದು ಕೇಳಲು ಬಾಯೇ ಬರುವುದಿಲ್ಲ. ಹಾಡಿನ ಕಸುಬುಗಾರಿಕೆ ಇರುವುದು ಇಲ್ಲಿ.

ಗೋವಿಂದ ಗುರು ಎಂದರೆ ಕಳಸದ ಗೋವಿಂದಭಟ್ಟರು. ಮುಸ್ಲಿಂ ಮನೆಯಲ್ಲಿ ಹುಟ್ಟಿದ ಶರೀಫರಿಗೆ ಗುರುವಾದ ಬ್ರಾಹ್ಮಣ. ಆ ಕಥೆ ನಿಮಗೆಲ್ಲ ಗೊತ್ತಿರುವುದೇ. 1990ರಲ್ಲಿ ಟಿ.ಎಸ್. ನಾಗಾಭರಣ ಅವರ ಸಿನಿಮಾ ಬಂತು. ಅದರಲ್ಲಿ ಸಿ. ಅಶ್ವಥ್ ಅವರ ಸಂಗೀತದಲ್ಲಿ ಶರೀಫರ ಪದಗಳು ಊರೂರು ತಲುಪಿದವು. ಪದಗಳು ಬಾಯಿಂದ ಬಾಯಿಗೆ ಬಂದವಾದ್ದರಿಂದ ಅಲ್ಲಲ್ಲಿ ಒಂದೆರಡು ಮಾತು ಬೇರೆ ಇರುತ್ತವೆ. ನೀವು ಕೇಳಿದ ಪಾಠ ನಾನಿಲ್ಲಿ ಕೊಟ್ಟದ್ದಕ್ಕೆ ಹೊಂದದಿದ್ದರೆ ಗಾಬರಿ ಬೇಡ.

"ಸೋರುತಿಹುದು ಮನೆಯ ಮಾಳಿಗಿ" ಹಾಡಿಗೆ ಇಷ್ಟು ಕಷ್ಟ ಇಲ್ಲ. "ಅಜ್ಞಾನದಿಂದ" ಎಂದು ಆರಂಭದಲ್ಲೇ ಶರೀಫರು ಕೀಲಿಕೈ ಕೊಟ್ಟುಬಿಡುತ್ತಾರೆ. ಕೋಡಗನ ಹಾಡಿನಲ್ಲಿ ಕೀಲಿಕೈ ಇಲ್ಲ. ಇರುವುದು ಒಬ್ಬಳು ತಂಗಿ.

ಹೌದು, ಆ ತಂಗಿ ಯಾರು? ಇದನ್ನು ಯಾರೂ ಕೇಳುವುದೇ ಇಲ್ಲ. ನನಗೆ ಕೋತಿ, ಕೋಳಿಗಿಂತ ಜಾಸ್ತಿ ಕಾಡುವವಳು ಇವಳೇ. "ನೋಡವ್ವ ತಂಗಿ" ಎಂಬಲ್ಲಿ ಅವ್ವ ಎಂದರೆ ತಾಯಿ ಅಲ್ಲ. ಆ ಕಡೆಯ ಮಾತಿನಲ್ಲಿ ಚಿಕ್ಕ ಹುಡುಗಿಯನ್ನೂ ಅಕ್ಕರೆಯಿಂದ ಹೀಗೇ ಕರೆಯುತ್ತಾರೆ. ತತ್ವಪದಗಳಲ್ಲಿ ತಂಗಿ, ಅವ್ವ, ಗೆಳತಿ ಎಂದು ಕರೆದಾಗ ಅದು ಇನ್ನೂ ಕಲಿಯುತ್ತಿರುವ ಜೀವಕ್ಕೆ ಹೇಳಿದ್ದು ಎಂದು ತಿಳಿದವರು ಹೇಳುತ್ತಾರೆ. ಇರಬಹುದು. ಆದರೆ ನನಗೆ ಅವಳು ಮೊದಲು ಒಂದು ಮನೆಯ ಹುಡುಗಿಯಾಗಿ ಕಾಣುತ್ತಾಳೆ. ಹಾಡಿನ ತುಂಬ ಅವಳ ಸುತ್ತಲಿನ ವಸ್ತುಗಳೇ ಇವೆ. ಗೋಡೆ, ಒರಳು, ಬೀಸುಕಲ್ಲು, ಕುಟ್ಟಲು ಬಂದ ಮುದುಕಿ, ಮಗ್ಗದಲ್ಲಿ ಕೂತ ಅಣ್ಣ. ದೊಡ್ಡ ಗ್ರಂಥದ ಒಂದು ಮಾತೂ ಇಲ್ಲ.

ಮತ್ತೆ, ಅವಳಿಗೆ "ಕೇಳು" ಎಂದಿಲ್ಲ, "ತಿಳಿ" ಎಂದಿಲ್ಲ. "ನೋಡು" ಎಂದಿದೆ. ಅವಳು ಒಂದು ಮಾತೂ ಆಡುವುದಿಲ್ಲ, ನೋಡುತ್ತಾ ಹೋಗುತ್ತಾಳೆ. ಕೊನೆಯ ಸಾಲಿನಲ್ಲಿ ಗುರುವಿನ ಪಾದ "ನನ್ನನೆ" ನುಂಗಿಬಿಡುತ್ತದೆ. ತೋರಿಸುತ್ತಿದ್ದವನೂ ಹೋದ. ಅಲ್ಲಿಂದ ಮೇಳದವರು ಮತ್ತೆ ಪಲ್ಲವಿ ಎತ್ತಿಕೊಳ್ಳುತ್ತಾರೆ: "ನೋಡವ್ವ ತಂಗಿ." ಮುಂದಿನ ಸಲ ಕೇಳುವಾಗ ಆ ಒಂದು ಜಾಗದಲ್ಲಿ, ಈಗ ಅವಳನ್ನು ಕರೆಯುತ್ತಿರುವುದು ಯಾರ ದನಿ ಎಂದು ಸ್ವಲ್ಪ ಕಿವಿಗೊಡಿ.