ತುಂಡಾದ ನರ: ದಿನಕ್ಕೆ ಒಂದು ಮಿಲಿಮೀಟರಿನ ಲೆಕ್ಕ

ಕೈಕಾಲುಗಳ ನರಗಳ ದುರಸ್ತಿ ಓದುವಾಗ ಮೊದಲು ಎರಡು ಅಂಕಿ ಬರೆದಿಟ್ಟುಕೊಳ್ಳಿ. ತುಂಡಾದ ಆಕ್ಸಾನ್ (ಸಂಕೇತ ಒಯ್ಯುವ, ನರಕೋಶದ ಉದ್ದನೆಯ ತಂತು) ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು 1 ಮಿ.ಮೀ. ನರ ಕಳೆದುಕೊಂಡ ಸ್ನಾಯು ಕಾಯುವುದು ಅಂದಾಜು 12ರಿಂದ 18 ತಿಂಗಳು. ಆಮೇಲೆ ಅದು ಸೊರಗಿ, ನರ ಬಂದು ತಲುಪಿದರೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಶಸ್ತ್ರವೈದ್ಯರ ಆತುರವೆಲ್ಲ ಈ ಎರಡು ಅಂಕಿಗಳ ನಡುವಿನದ್ದು.

ಗಾಯದಿಂದಾಚೆಗಿನ ತುಂಡು ಮೊದಲು ಸಾಯಬೇಕು. ಕಪ್ಪೆಯ ನಾಲಿಗೆಯ ನರ ಕತ್ತರಿಸಿ ಶರೀರಶಾಸ್ತ್ರಜ್ಞ ವಾಲರ್ 1850ರಲ್ಲಿ ವಿವರಿಸಿದ್ದು ಇದನ್ನೇ. ಆಕ್ಸಾನ್ ಚೂರಾಗುತ್ತದೆ, ಮ್ಯಾಕ್ರೋಫೇಜ್ ಎಂಬ ರಕ್ಷಣಾ ಕೋಶಗಳು ಕಸ ತೆಗೆಯುತ್ತವೆ. ಆಕ್ಸಾನಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಸುತ್ತುತ್ತಿದ್ದ ಶ್ವಾನ್ ಕೋಶಗಳು ಆ ಕೆಲಸ ಬಿಟ್ಟು, ಆಕ್ಸಾನ್ ಇದ್ದ ತೆಳುಪೊರೆಯ ಕೊಳವೆಯೊಳಗೆ ಸಾಲಾಗಿ ನಿಂತು, ಬೆಳವಣಿಗೆಯ ಅಂಶಗಳನ್ನು ಸುರಿಸುತ್ತವೆ. ಈ ಸಾಲುಗಳೇ ಬ್ಯುಂಗ್ನರ್ ಪಟ್ಟಿಗಳು; ಹೊಸ ಚಿಗುರು ಸಾಗುವುದು ಇವುಗಳ ಮೇಲೆ.

ಆದ್ದರಿಂದ ನರಗಾಯಗಳನ್ನು ಮೂರಾಗಿ ವಿಂಗಡಿಸುವ ಸೆಡನ್ ವರ್ಗೀಕರಣವನ್ನು ಬಾಯಿಪಾಠ ಮಾಡುವ ಬದಲು, ಕೊಳವೆ ಉಳಿದಿದೆಯೇ ಎಂದು ಕೇಳಿಕೊಳ್ಳಿ. ನ್ಯೂರಪ್ರಾಕ್ಸಿಯಾದಲ್ಲಿ ಆಕ್ಸಾನ್ ಕೂಡ ಉಳಿದಿರುತ್ತದೆ, ವಾರಗಳಲ್ಲಿ ಸರಿಹೋಗುತ್ತದೆ. ಆಕ್ಸನಾಟ್ಮೆಸಿಸ್‌ನಲ್ಲಿ ಆಕ್ಸಾನ್ ಹೋದರೂ ಕೊಳವೆ ಇದೆ, ಕಾಯಬಹುದು. ನ್ಯೂರಾಟ್ಮೆಸಿಸ್‌ನಲ್ಲಿ ಎಲ್ಲವೂ ತುಂಡು. ಹೊಲಿಯದಿದ್ದರೆ ಚಿಗುರುಗಳು ದಾರಿ ತಪ್ಪಿ ಗಂಟುಗಟ್ಟಿ ನ್ಯೂರೋಮಾ ಆಗುತ್ತವೆ. (ಸಂಡರ್ಲೆಂಡ್ 1951ರಲ್ಲಿ ಇದನ್ನೇ ಐದು ಹಂತ ಮಾಡಿದರು.) ಗಾಯವಾದ ಮೊದಲ ಕೆಲವು ದಿನ ಕೆಳಗಿನ ತುಂಡು ಇನ್ನೂ ವಿದ್ಯುತ್ ಸಂಕೇತ ಸಾಗಿಸುತ್ತದೆ. ಹಾಗಾಗಿ ಆಗಲೇ ಮಾಡಿದ ಪರೀಕ್ಷೆಯನ್ನು ನಂಬಿ ಈ ಮೂರನ್ನೂ ಬೇರ್ಪಡಿಸಲಾಗದು.

ಗಾಜು ತಗುಲಿ ಮಣಿಕಟ್ಟಿನಲ್ಲಿ ಕತ್ತರಿಸಿದ ನರವಾದರೆ ಕೆಲವೇ ದಿನಗಳೊಳಗೆ ಸೂಕ್ಷ್ಮದರ್ಶಕದಡಿ, ಕೂದಲಿಗಿಂತ ತೆಳುವಾದ ನೈಲಾನ್ ದಾರದಲ್ಲಿ, ಹೊರಪೊರೆಗೆ ನಾಲ್ಕಾರು ಹೊಲಿಗೆ ಹಾಕುತ್ತಾರೆ. ಎಳೆದು ಕೂಡಿಸಬಾರದು, ಬಿಗಿತದಿಂದ ರಕ್ತಸಂಚಾರ ಕುಗ್ಗುತ್ತದೆ. ಅಂತರ ದೊಡ್ಡದಿದ್ದರೆ ಮೀನಖಂಡದ ಸ್ಯೂರಲ್ ನರವನ್ನು ತೆಗೆದು ನಡುವೆ ಕೂರಿಸುತ್ತಾರೆ. ಅದಕ್ಕೆ ತೆರುವ ಬೆಲೆ, ಪಾದದ ಹೊರ ಅಂಚು ಮರಗಟ್ಟುವುದು. ನಾಟಿ ಹಾಕಿದ ನರ ತಾನೇ ಸಂಕೇತ ಒಯ್ಯುವುದಿಲ್ಲ. ಅದರ ಆಕ್ಸಾನ್‌ಗಳೂ ಸಾಯುತ್ತವೆ. ನಮಗೆ ಬೇಕಾದದ್ದು ಅದರ ಕೊಳವೆ ಮತ್ತು ಶ್ವಾನ್ ಕೋಶಗಳು.

ಈಗ ಲೆಕ್ಕಕ್ಕೆ ಬನ್ನಿ. ತೋಳಿನಿಂದ ಅಂಗೈಗೆ ಇಳಿಯುವ ಅಲ್ನಾರ್ ನರ ಕಂಕುಳಲ್ಲಿ ತುಂಡಾದರೆ ಅಂಗೈಯ ಸಣ್ಣ ಸ್ನಾಯುಗಳಿಗೆ ಅರ್ಧ ಮೀಟರಿಗೂ ಹೆಚ್ಚು ದೂರ. ಎಷ್ಟೇ ಚೆನ್ನಾಗಿ ಹೊಲಿದರೂ 500 ದಿನ ದಾಟುತ್ತದೆ, ಅಷ್ಟರಲ್ಲಿ ಸ್ನಾಯುವಿನ ಗಡುವು ಬಹುಮಟ್ಟಿಗೆ ಮುಗಿದಿರುತ್ತದೆ. ವೇಗ ಹೆಚ್ಚಿಸಲಾಗದು, ಆದರೆ ದೂರ ಕಡಿಮೆ ಮಾಡಬಹುದು. ಬೈಕಿನಿಂದ ಬಿದ್ದು ಭುಜದ ನರಜಾಲದ ಮೇಲಿನ ಬೇರುಗಳು ಕಿತ್ತುಹೋದವರಿಗೆ ಮಾಡುವುದು ಇದನ್ನೇ. 1994ರಲ್ಲಿ ಓಬರ್ಲಿನ್ ತಂಡ ವಿವರಿಸಿದ ವಿಧಾನದಲ್ಲಿ, ಚೆನ್ನಾಗಿರುವ ಅಲ್ನಾರ್ ನರದ ಒಂದು ಎಳೆಯನ್ನು ತೋಳಿನಲ್ಲೇ, ಮೊಣಕೈ ಮಡಚುವ ಬೈಸೆಪ್ಸ್ ಸ್ನಾಯುವಿಗೆ ಹೋಗುವ ಶಾಖೆಗೆ ಜೋಡಿಸುತ್ತಾರೆ. ದೂರ ಕೆಲವೇ ಸೆಂಟಿಮೀಟರ್, ಹಾಗಾಗಿ ಕೆಲವೇ ತಿಂಗಳಲ್ಲಿ ಬೈಸೆಪ್ಸ್ ಅಲುಗತೊಡಗುತ್ತದೆ. ಆದರೆ ಆ ಎಳೆ ಮಿದುಳಿನ ಪಾಲಿಗೆ ಇನ್ನೂ ಕೈಯದ್ದೇ. ಅದಕ್ಕೇ ಫಿಸಿಯೋಥೆರಪಿಯಲ್ಲಿ ಶುರುವಿಗೆ ಮೊಣಕೈ ಮಡಚಿ ಅನ್ನುವುದಿಲ್ಲ, ಮುಷ್ಟಿ ಬಿಗಿ ಹಿಡಿಯಿರಿ ಅನ್ನುತ್ತಾರೆ.