ಲಾಗ್‌ನಲ್ಲಿ ತಪ್ಪುವ ಐದೂವರೆ ಗಂಟೆ

ಹ್ಯಾಮ್ (ಹವ್ಯಾಸಿ ರೇಡಿಯೊ) ಪರವಾನಗಿ ಪಡೆದು ನನ್ನಲ್ಲಿಗೆ ಬರುವ ಹೊಸಬರು ಮೊದಲು ವಿಚಾರಿಸುವುದು ಆಂಟೆನಾದ ಎತ್ತರವನ್ನು. ಲಾಗ್, ಅಂದರೆ ಪ್ರತಿ ಸಂಪರ್ಕದ ದಾಖಲೆ, ಬರೆಯುವುದು ಹೇಗೆಂದು ಕೇಳುವವರು ತೀರಾ ಕಡಿಮೆ. ನಮ್ಮ ಹವ್ಯಾಸಿ ರೇಡಿಯೊ ನಿಯಮಗಳು 1978ರಲ್ಲಿ ಜಾರಿಗೆ ಬಂದಾಗ ಲಾಗ್ ಎಂದರೆ ಬೈಂಡ್ ಮಾಡಿದ ಪುಸ್ತಕವೇ ಆಗಿತ್ತು. ಬಿಡಿ ಹಾಳೆಗಳಿಗೆ ಅಲ್ಲಿ ಜಾಗವಿರಲಿಲ್ಲ. ನಮ್ಮ ಪ್ರಸಾರದಿಂದ ಯಾರಿಗಾದರೂ ಅಡಚಣೆಯಾಯಿತೆಂಬ ದೂರು ಬಂದರೆ, ಆ ಹೊತ್ತಿನಲ್ಲಿ ನಾವು ಯಾವ ಫ್ರೀಕ್ವೆನ್ಸಿಯಲ್ಲಿದ್ದೆವು ಎಂಬುದಕ್ಕೆ ಅದೇ ಸಾಕ್ಷಿ.

ಈಗ ಲಾಗ್ ಕಂಪ್ಯೂಟರಿಗೆ ಬಂದಿದೆ, ತಪ್ಪುಗಳೂ ಅಲ್ಲಿಗೇ ಬಂದಿವೆ. ನಾನು ಅತಿ ಹೆಚ್ಚು ತಿದ್ದಿರುವುದು ಸಮಯವನ್ನು. ಜನವರಿ 12ರ ಬೆಳಗಿನ ಜಾವ 4:40ಕ್ಕೆ 40 ಮೀಟರ್ ಬ್ಯಾಂಡಿನಲ್ಲಿ ಯುರೋಪಿನ ಒಬ್ಬರು ಸಿಕ್ಕರೆ, ಲಾಗ್ ಬರೆಯುವ ಯುಟಿಸಿಯಲ್ಲಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯದಲ್ಲಿ, ಅದು ಜನವರಿ 11ರ 23:10. ಗಂಟೆಯನ್ನು ಸರಿಯಾಗಿ ಕಳೆದು ತಾರೀಖನ್ನು ಹಾಗೇ ಬಿಡುವವರು ಬಹಳ. ಸಂಪರ್ಕಗಳನ್ನು ದೃಢೀಕರಿಸುವ ಅಂತರ್ಜಾಲ ಸೇವೆ ಲಾಗ್‌ಬುಕ್ ಆಫ್ ದಿ ವರ್ಲ್ಡ್ ಎರಡೂ ಕಡೆಯ ಲಾಗ್‌ಗಳನ್ನು ತಾಳೆ ನೋಡುವಾಗ ಮೂವತ್ತು ನಿಮಿಷದ ಹೆಚ್ಚುಕಡಿಮೆಯನ್ನಷ್ಟೇ ಸಹಿಸುತ್ತದೆ; ನಮ್ಮ ಐದೂವರೆ ಗಂಟೆಯನ್ನಾಗಲಿ ಇಡೀ ಒಂದು ದಿನವನ್ನಾಗಲಿ ಕ್ಷಮಿಸುವುದಿಲ್ಲ. ನಿಜವಾಗಿ ನಡೆದ ಸಂಪರ್ಕವೊಂದು ಹೀಗೆ ದೃಢೀಕರಣವಿಲ್ಲದೆ ವರ್ಷಗಟ್ಟಲೆ ಬಿದ್ದಿರುತ್ತದೆ, ಹ್ಯಾಮ್ ಮಾತ್ರ ಎದುರಿನವರು ಉತ್ತರಿಸಲಿಲ್ಲವೆಂದು ಗೊಣಗುತ್ತಿರುತ್ತಾನೆ.

2017ರಲ್ಲಿ ಬಂದ ಎಫ್‌ಟಿ8, ಅಂದರೆ ಕಂಪ್ಯೂಟರ್ ಮೂಲಕ ಚುಟುಕು ಸಂದೇಶ ಕಳಿಸುವ ಡಿಜಿಟಲ್ ವಿಧಾನ, ಈ ವಿಷಯದಲ್ಲಿ ಇನ್ನೂ ನಿಷ್ಠುರ. ಹದಿನೈದು ಸೆಕೆಂಡುಗಳ ಸರದಿಯಲ್ಲಿ ನಡೆಯುವ ಆ ಮಾತುಕತೆಗೆ ಕಂಪ್ಯೂಟರಿನ ಗಡಿಯಾರ ಎರಡು ಮೂರು ಸೆಕೆಂಡು ಓಡಿದರೂ ಎದುರಿನವರ ಸಂಕೇತ ಬಿಡಿಸಲಾಗುವುದಿಲ್ಲ. ಸಂಪರ್ಕ ಮುಗಿದೊಡನೆ ಲಾಗ್ ಮಾಡಲೇ ಎಂದು ತಂತ್ರಾಂಶ ಕೇಳುವಾಗ ಕಣ್ಣುಮುಚ್ಚಿ ಒತ್ತುವುದು ನನಗೆ ಒಪ್ಪಿಗೆಯಿಲ್ಲ. ರೇಡಿಯೊ ಕಂಪ್ಯೂಟರಿಗೆ ಜೋಡಣೆಯಾಗಿರದಿದ್ದರೆ ತಂತ್ರಾಂಶ ನಿನ್ನೆಯ ಬ್ಯಾಂಡನ್ನೇ ಬರೆದುಕೊಳ್ಳುತ್ತದೆ. ಪರವಾನಗಿ ಇರುವುದು ನಮ್ಮ ಹೆಸರಿನಲ್ಲಿ, ತಂತ್ರಾಂಶದ ಹೆಸರಿನಲ್ಲಲ್ಲ.

ಲಾಗ್‌ನ ಎಡಿಐಎಫ್ ಕಡತದ (ಬೇರೆ ಬೇರೆ ಲಾಗ್ ತಂತ್ರಾಂಶಗಳು ಓದಬಲ್ಲ ರೂಪದ್ದು) ಒಂದು ಪ್ರತಿ ನಮ್ಮದೇ ಡಿಸ್ಕಿನಲ್ಲಿರಬೇಕು. 2024ರ ಮೇ ತಿಂಗಳಲ್ಲಿ ಸೈಬರ್ ದಾಳಿಯ ಕಾರಣ ನಿಂತ ಲಾಗ್‌ಬುಕ್ ಆಫ್ ದಿ ವರ್ಲ್ಡ್ ಮರಳಿ ತೆರೆದದ್ದು ಜುಲೈ 1ಕ್ಕೆ.

ಲಾಗ್‌ಗಿಂತ ಮೇಲಿನದು ಆಪತ್ತಿನ ಕರೆ. 14.300 ಮೆಗಾಹರ್ಟ್ಸ್ ನಮ್ಮ ವಲಯದಲ್ಲಿ ತುರ್ತು ಸಂವಹನಕ್ಕೆ ಗೊತ್ತುಮಾಡಿದ ಫ್ರೀಕ್ವೆನ್ಸಿಗಳಲ್ಲೊಂದು. ಅದರ ಆಸುಪಾಸಿನಲ್ಲಿ ಮಾತು ತೆಗೆಯುವ ಮುನ್ನ ಚೆನ್ನಾಗಿ ಕಿವಿಗೊಡಬೇಕು. 2004ರ ಡಿಸೆಂಬರಿನಲ್ಲಿ ಹ್ಯಾಮ್ ಭಾರತಿ ಪ್ರಸಾದ್ ಅವರ ತಂಡ ಪೋರ್ಟ್ ಬ್ಲೇರ್‌ನಿಂದ ವಿಯು4ಆರ್‌ಬಿಐ ಎಂಬ ಕರೆಸಂಕೇತದಲ್ಲಿ ಜಗತ್ತಿನ ಸಾವಿರಾರು ಹ್ಯಾಮ್‌ಗಳಿಗೆ ಅಪರೂಪದ ಅಂಡಮಾನ್ ಸಂಪರ್ಕವನ್ನು ಕೊಡುತ್ತಿತ್ತು. 26ರ ಬೆಳಗ್ಗೆ ಸುನಾಮಿ ಬಂದಾಗ ಸಂಪರ್ಕಗಳ ಆ ಎಣಿಕೆಯನ್ನು ಅಲ್ಲಿಗೇ ಬಿಟ್ಟು, ದ್ವೀಪದವರ ಕ್ಷೇಮ ಸಮಾಚಾರವನ್ನು ಮುಖ್ಯಭೂಮಿಗೆ ದಾಟಿಸುವ ಕೆಲಸಕ್ಕೆ ತೊಡಗಿತು. ಅಂಥ ಹೊತ್ತಿನಲ್ಲಿ ಬೇಕಾಗುವುದು ಸಂದೇಶದ ಸಂಖ್ಯೆ, ಕೊಟ್ಟವರು, ಪಡೆದವರು, ತಲುಪಿದ ಸಮಯ. ಸ್ಪರ್ಧೆಗೆಂದು ಬರೆದ ತಂತ್ರಾಂಶಗಳಲ್ಲಿ ಇದಕ್ಕೆಲ್ಲ ಅಂಕಣಗಳಿರುವುದಿಲ್ಲ. ಆದ್ದರಿಂದ ನನ್ನ ಪ್ರಯಾಣದ ಚೀಲದಲ್ಲಿ ಗೆರೆ ಹಾಕಿದ ನೋಟ್‌ಬುಕ್ಕೂ ಎರಡು ಪೆನ್ಸಿಲ್ಲೂ ಇದ್ದೇ ಇರುತ್ತವೆ. ಕರೆಂಟ್ ಇಲ್ಲದ ಊರಿನಲ್ಲಿ 12 ವೋಲ್ಟ್ ಬ್ಯಾಟರಿಯನ್ನು ಲ್ಯಾಪ್‌ಟಾಪಿಗೆ ಹಂಚದೆ ಪೂರ್ತಿ ರೇಡಿಯೊಗೇ ಉಳಿಸಿಕೊಳ್ಳಬಹುದು.